ಪೆಡಲ್ ಮೆತ್ತಗಾದರೆ

ಮಕ್ಕಳೇ, ಅಂಗಳದಲ್ಲಿ ನಿಂತಿರುವ ನಿಮ್ಮ ಸೈಕಲ್ಲಿನ ಬ್ರೇಕನ್ನು ಒಮ್ಮೆ ನೋಡಿಕೊಂಡು ಬನ್ನಿ. ಹ್ಯಾಂಡಲ್ಲಿನ ಹಿಡಿ ಒತ್ತಿದರೆ ತಂತಿ ಎಳೆಯುತ್ತದೆ, ತಂತಿ ಎಳೆದರೆ ರಬ್ಬರಿನ ಎರಡು ತುಂಡುಗಳು ಚಕ್ರದ ಅಂಚನ್ನು ಹಿಡಿದುಕೊಳ್ಳುತ್ತವೆ. ಎಲ್ಲವೂ ಕಣ್ಣಿಗೆ ಕಾಣುತ್ತದೆ. ತಂತಿ ಸಡಿಲವಾದರೆ ಅಣ್ಣನೋ ಅಪ್ಪನೋ ಒಂದು ನಟ್ಟು ತಿರುಗಿಸಿ ಬಿಗಿ ಮಾಡಿಕೊಡುತ್ತಾರೆ. ಈಗ ಕಾರಿನ ಕೆಳಗೆ ಬಗ್ಗಿ ನೋಡಿ. ಕಾಲಿನ ಬ್ರೇಕಿಗೆ ಅಲ್ಲಿ ತಂತಿಯೇ ಇಲ್ಲ. (ಕೈ ಬ್ರೇಕಿಗೆ ಇದೆ, ಅದರ ಮಾತು ಇವತ್ತು ಬೇಡ.) ಪೆನ್ಸಿಲ್ಲಿಗಿಂತ ಸಪೂರವಾದ ಉಕ್ಕಿನ ಕೊಳವೆಯೊಂದು ಮುಂದಿನಿಂದ ಹಿಂದಿನವರೆಗೆ ಹೊಟ್ಟೆಯಡಿ ಅಂಟಿಕೊಂಡು ಹೋಗಿರುತ್ತದೆ. ಒಳಗೆ ಎಣ್ಣೆಯಂಥ ದ್ರವ ಇರುತ್ತದೆ. ಇಡೀ ಸಂಸಾರವನ್ನು ಹೊತ್ತು ಇಳಿಜಾರಿನಲ್ಲಿ ಹೋಗುವ ಬಂಡಿಯನ್ನು ನಿಲ್ಲಿಸುವುದು ಆ ಸಪೂರ ಕೊಳವೆಯೊಳಗಿನ ದ್ರವ.

ಈ ವಾರ ಹಲಸಿನ ಹಪ್ಪಳದ ಬಗ್ಗೆ ಬರೆಯುತ್ತೇನೆಂದು ಹೇಳಿದ್ದೆ. ಹಪ್ಪಳ ಒಂದು ವಾರ ಬಿಸಿಲಲ್ಲೇ ಒಣಗಲಿ. ಬಿ.ಕಾಂ. ಓದಿ, ಜೀವಮಾನವೆಲ್ಲ ಲೆಡ್ಜರ್ ಬರೆದವನಿಗೆ ಬ್ರೇಕಿನ ಉಸಾಬರಿ ಏಕೆ ಎಂದು ನಮ್ಮ ಮನೆಯಲ್ಲೂ ಕೇಳಿದರು. ಕಾರಣ ಮುಂದೆ ಓದಿದರೆ ಗೊತ್ತಾಗುತ್ತದೆ.

ನಮ್ಮದು 2004ರ ಮಾರುತಿ 800. ಬ್ಯಾಂಕಿನ ನೌಕರರ ವಾಹನ ಸಾಲದಲ್ಲಿ ಕೊಂಡದ್ದು. ಹದಿನೈದು ವರ್ಷ ತುಂಬಿದಾಗ ಒಮ್ಮೆ, ಆಮೇಲೆ ಐದು ವರ್ಷಕ್ಕೆ ಇನ್ನೊಮ್ಮೆ ನೋಂದಣಿ ನವೀಕರಿಸಿಕೊಂಡು ಇನ್ನೂ ಓಡುತ್ತಿದೆ. ನಾವಿರುವುದು ಉಡುಪಿ ಕಡೆಯಲ್ಲಿ, ಕಡಲಿನಿಂದ ಒಂದು ಮೈಲಿ ಒಳಗೆ. ಉಪ್ಪಿನ ಗಾಳಿ, ನಾಲ್ಕು ತಿಂಗಳ ಮಳೆ ಎರಡೂ ಸೇರಿದರೆ ಕಬ್ಬಿಣಕ್ಕೆ ಆಯಸ್ಸು ಕಡಿಮೆ. ಬಾವಿಯ ರಾಟೆ, ಗೇಟಿನ ತಿರುಗಣಿ, ಅಜ್ಜನ ಮೊಣಕಾಲು, ಯಾವುದನ್ನೂ ಇಲ್ಲಿನ ಹವೆ ಬಿಡುವುದಿಲ್ಲ. ಕಾರಿನಡಿಯ ಕೊಳವೆಯನ್ನು ಕ್ಲಿಪ್ಪುಗಳು ಹಿಡಿದಿರುವ ಕಡೆ ಕೆಸರು ಸೇರಿಕೊಂಡು ಒಣಗುವುದೇ ಇಲ್ಲ. ತುಕ್ಕು ಶುರುವಾಗುವುದು ಅಲ್ಲೇ.

ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತಿ ನೀರು, ಆಯಿಲ್, ಬ್ರೇಕ್ ದ್ರವ ಮೂರನ್ನೂ ನೋಡುವುದು ನನ್ನ ಹಳೆಯ ಅಭ್ಯಾಸ. ದಿನದ ಕೊನೆಗೆ ಕ್ಯಾಶ್ ತಾಳೆ ನೋಡಿದ ಹಾಗೆ. ಬ್ರೇಕ್ ದ್ರವದ ಸಣ್ಣ ಡಬ್ಬಿಯ ಮೇಲೆ ಎರಡು ಗೆರೆ ಇರುತ್ತವೆ, ಮೇಲಿನದು ಗರಿಷ್ಠ, ಕೆಳಗಿನದು ಕನಿಷ್ಠ. ಬ್ರೇಕಿನ ಪ್ಯಾಡ್ ಸವೆದಂತೆ ಅದು ತಿಂಗಳುಗಟ್ಟಲೆಯಲ್ಲಿ ನಿಧಾನ ಇಳಿಯುವುದು ಸಹಜ. ಆ ಭಾನುವಾರ ಮಾತ್ರ ಒಂದೇ ವಾರದಲ್ಲಿ ಅರ್ಧ ಬೆರಳಿನಷ್ಟು ಇಳಿದಿತ್ತು. ಹಿಂದಿನ ಎಡ ಚಕ್ರದ ಹತ್ತಿರ ನೆಲದ ಮೇಲೆ ಒಂದು ಒದ್ದೆ ಕಲೆ.

ಮುಂದಿನ ವಾರ ಮಗಳು, ಅಳಿಯ, ಮೊಮ್ಮಗಳ ಜೊತೆ ಆಗುಂಬೆಗೆ ಹೋಗುವುದೆಂದು ನಿಶ್ಚಯವಾಗಿತ್ತು. ಹೆಬ್ರಿ, ಸೋಮೇಶ್ವರ ದಾಟಿದ ಮೇಲೆ ಹದಿನಾಲ್ಕು ಹಿಮ್ಮುರಿ ತಿರುವುಗಳು. ಹತ್ತುವಾಗ ಎಂಜಿನ್ನಿಗೆ ಕೆಲಸ, ಇಳಿಯುವಾಗ ಬ್ರೇಕಿಗೆ.

ಹತ್ತಿರದ ಗ್ಯಾರೇಜಿನ ಹುಡುಗ ಬಂದು ಕಾರು ತೆಗೆದುಕೊಂಡು ಹೋದ, ಸಂಜೆಗೆ ತಂದುಬಿಟ್ಟ. "ಪೈಪ್ ತುಕ್ಕು ಹಿಡಿದಿತ್ತು, ಹಾಳಾದ ತುಂಡು ತೆಗೆದು ಹೊಸತು ಹಾಕಿದ್ದೇನೆ" ಎಂದ. ನಾನು ಅಂಗಳದಲ್ಲೇ ಸೀಟಿನಲ್ಲಿ ಕೂತು ಪೆಡಲ್ ಒತ್ತಿದೆ. ಮೊದಲು ಅರ್ಧಕ್ಕೆ ಗಟ್ಟಿಯಾಗಿ ನಿಲ್ಲುತ್ತಿದ್ದದ್ದು ಈಗ ಇಡ್ಲಿ ಒತ್ತಿದ ಹಾಗೆ ಮೆತ್ತಗೆ ಕೆಳಗೆ ಹೋಯಿತು. ಬೇಗ ಬೇಗ ಎರಡು ಮೂರು ಸಲ ಒತ್ತಿದರೆ ಮೇಲೆ ಬಂತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಇಡ್ಲಿ.

"ಹೊಸ ಆಯಿಲ್ ಅಲ್ವಾ ಸಾರ್, ಎರಡು ದಿನ ಓಡಿಸಿದರೆ ಸರಿ ಆಗ್ತದೆ" ಎಂದ ಹುಡುಗ.

ಹೊಸ ಚಪ್ಪಲಿ ಎರಡು ದಿನದಲ್ಲಿ ಕಾಲಿಗೆ ಒಗ್ಗೀತು. ಮೆತ್ತಗಾದ ಬ್ರೇಕ್ ಓಡಿಸಿದರೆ ಸರಿಯಾಗುವುದಿಲ್ಲ. ಕಾರಿನ ಕೀಲಿಕೈಯನ್ನು ದೇವರ ಕೋಣೆಯ ಗೂಡಿನಲ್ಲಿಟ್ಟು, ಇದು ಸರಿಯಾಗುವವರೆಗೆ ಯಾರೂ ಮುಟ್ಟಕೂಡದೆಂದೆ.

ಪೆಡಲ್ ಯಾಕೆ ಮೆತ್ತಗಾಗುತ್ತದೆಂದು ಏಳನೇ ತರಗತಿಯ ಮೊಮ್ಮಗಳು ಕೇಳಿದಳು. ಅವಳಿಗೆ ತೋರಿಸಿದ್ದನ್ನು ನೀವೂ ಮಾಡಿ ನೋಡಬಹುದು. ಔಷಧದ ಅಂಗಡಿಯಿಂದ ಸೂಜಿ ಇಲ್ಲದ ಎರಡು ಸಿರಿಂಜ್ ತನ್ನಿ, ಒಂದು ಸಣ್ಣದು, ಒಂದು ದೊಡ್ಡದು. ಎರಡರ ಮೂತಿಗೂ ಬಿಗಿಯಾಗಿ ಕೂರುವ ಒಂದು ಗೇಣು ಪ್ಲಾಸ್ಟಿಕ್ ಕೊಳವೆ ಬೇಕು. ಗಾಳಿಗುಳ್ಳೆ ಒಂದೂ ಇಲ್ಲದ ಹಾಗೆ ನೀರು ತುಂಬಿಸಿ ಜೋಡಿಸಿ. ಸಣ್ಣದನ್ನು ಒತ್ತಿದರೆ ದೊಡ್ಡದು ಆ ಕ್ಷಣವೇ ಏಳುತ್ತದೆ. ದೊಡ್ಡದನ್ನು ತಂಗಿ ಹೆಬ್ಬೆರಳಿನಿಂದ ಅದುಮಿ ಹಿಡಿದರೂ ಸಣ್ಣದನ್ನು ಒತ್ತುವ ನೀವೇ ಗೆಲ್ಲುತ್ತೀರಿ. ಈಗ ಒಂದು ಸಿರಿಂಜಿನಲ್ಲಿ ಅರ್ಧದಷ್ಟು ಗಾಳಿ ಬಿಟ್ಟು ಅದನ್ನೇ ಮಾಡಿ. ನೀವು ಒತ್ತುತ್ತೀರಿ, ಆ ಕಡೆ ಏನೂ ಆಗುವುದಿಲ್ಲ. ನಿಮ್ಮ ಶಕ್ತಿಯೆಲ್ಲ ಗಾಳಿಯನ್ನು ಕುಗ್ಗಿಸುವುದರಲ್ಲೇ ಕಳೆದುಹೋಗುತ್ತದೆ. ದ್ರವ ಕುಗ್ಗುವುದು ಲೆಕ್ಕಕ್ಕೆ ಸಿಗದಷ್ಟು ಕಡಿಮೆ, ಗಾಳಿಯಾದರೆ ಸ್ಪಂಜು.

ಮುಚ್ಚಿದ ದ್ರವದ ಮೇಲೆ ಒಂದು ಕಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಅಷ್ಟೇ ಹರಡುತ್ತದೆ ಎಂದು ತೋರಿಸಿಕೊಟ್ಟವನು ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್. 1623ರಲ್ಲಿ ಹುಟ್ಟಿ 1662ರಲ್ಲಿ ತೀರಿಕೊಂಡ, ನಲವತ್ತನ್ನೂ ಕಾಣಲಿಲ್ಲ. ನನಗೆ ಅವನ ಮೇಲೆ ಅಭಿಮಾನ ಇನ್ನೊಂದು ಕಾರಣಕ್ಕೆ. ಅವನ ಅಪ್ಪ ತೆರಿಗೆ ಲೆಕ್ಕದ ಅಧಿಕಾರಿ. ರಾತ್ರಿಯೆಲ್ಲ ಕೂಡಿ ಕಳೆದು ಸುಸ್ತಾಗುವ ಅಪ್ಪನಿಗಾಗಿ ಮಗ ಹತ್ತೊಂಬತ್ತರ ಆಸುಪಾಸಿನಲ್ಲೇ ಕೂಡುವ ಯಂತ್ರವನ್ನು ಮಾಡಲು ಹೊರಟ. ನಮ್ಮ ಬ್ಯಾಂಕಿನಲ್ಲಿ ಹಿಡಿ ತಿರುಗಿಸಿ ಲೆಕ್ಕ ಮಾಡುತ್ತಿದ್ದ ಫ್ಯಾಸಿಟ್ ಯಂತ್ರಕ್ಕೆ ಅದು ಮುತ್ತಜ್ಜ. ಅವನ ಒತ್ತಡದ ಸೂತ್ರ ಕಾರಿಗೆ ಬರಲು ಬಹಳ ಕಾಲ ಬೇಕಾಯಿತು. ನಾಲ್ಕು ಚಕ್ರಕ್ಕೂ ದ್ರವದ ಬ್ರೇಕ್ ಇಟ್ಟ ಮೊದಲ ಮಾರಾಟದ ಕಾರು ಅಮೆರಿಕದ ಡ್ಯೂಸೆನ್‌ಬರ್ಗ್, 1921ರಲ್ಲಿ.

ಈಗ ಸ್ವಲ್ಪ ಲೆಕ್ಕ. ಸುಲಭವಾಗಲೆಂದು ಪೂರ್ಣಾಂಕಗಳನ್ನೇ ತೆಗೆದುಕೊಂಡಿದ್ದೇನೆ. ನೀವು ಪೆಡಲನ್ನು 20 ಕಿಲೋ ಬಲದಿಂದ ಒತ್ತಿದಿರಿ. ಪೆಡಲ್ ಒಂದು ಸನ್ನೆಕೋಲು, ಅದು ನಾಲ್ಕು ಪಟ್ಟು ಮಾಡಿ 80 ಕಿಲೋ ಮುಂದೆ ದಾಟಿಸುತ್ತದೆ. ಅದು ಬೀಳುವುದು 2 ಚದರ ಸೆಂಟಿಮೀಟರಿನ ಪಿಸ್ಟನ್ ಮೇಲೆ. ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ 40 ಕಿಲೋ. ಮುಂದಿನ ಚಕ್ರದ ಪಿಸ್ಟನ್ 18 ಚದರ ಸೆಂಟಿಮೀಟರ್ ಇದ್ದರೆ ಅಲ್ಲಿ ಸಿಗುವುದು 720 ಕಿಲೋ! ಹಸು ಅಡ್ಡ ಬಂದು ಹೆದರಿ ತುಳಿದರೆ ಒತ್ತಡ ಇದರ ಎರಡು ಪಟ್ಟಾದರೂ ಆಗುತ್ತದೆ. ಹೋಲಿಕೆಗೆ ಒಂದು ಮಾತು: ಹತ್ತು ಮೀಟರ್ ಎತ್ತರದ ಟ್ಯಾಂಕಿಯಿಂದ ಇಳಿದ ನೀರಿನ ಒತ್ತಡ ನಲ್ಲಿಯಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಒಂದೇ ಕಿಲೋ. ಈ 1 ಮತ್ತು 40ರ ವ್ಯತ್ಯಾಸವನ್ನು ನೆನಪಿನಲ್ಲಿಡಿ.

ನಮ್ಮ ಊರಿನಲ್ಲಿ ಸರ್ಕಾರಿ ಬಸ್ ಡಿಪೋದಲ್ಲಿ ದುಡಿದು ನಿವೃತ್ತರಾದ ಮೆಕ್ಯಾನಿಕ್ ಒಬ್ಬರಿದ್ದಾರೆ. ಎಲ್ಲರೂ ಡಿಪೋ ಮೇಸ್ತ್ರಿ ಎನ್ನುತ್ತಾರೆ. ನನಗಿಂತ ಎರಡು ವರ್ಷ ಚಿಕ್ಕವರು, ಈಗ ಕೆಲಸ ಒಪ್ಪಿಕೊಳ್ಳುವುದು ಅಪರೂಪ. ಬ್ರೇಕ್ ಎಂದ ಕೂಡಲೇ ಬಂದರು. ಕಾರನ್ನು ಜಾಕ್ ಹಾಕಿ ಎತ್ತಿ, ಸ್ಟ್ಯಾಂಡ್ ಕೊಟ್ಟು, ಮೊದಲು ಕಾರನ್ನು ಅಲುಗಿಸಿ ನೋಡಿ, ಆಮೇಲೆ ಕೆಳಗೆ ಹೋದರು. ಬರೀ ಜಾಕಿನ ಮೇಲೆ ನಿಂತ ಕಾರಿನಡಿಗೆ ತಲೆ ಹಾಕುವವನು ತನ್ನ ಹೆಂಡತಿಯನ್ನು ಕೇಳಿ ಹಾಕಬೇಕು ಎನ್ನುವುದು ಅವರ ಮಾತು.

ಒಂದು ನಿಮಿಷ ಮಾತಿಲ್ಲ. ಆಮೇಲೆ ಟಾರ್ಚ್ ಹಿಡಿದು ನನ್ನನ್ನೂ ಬಗ್ಗಲು ಹೇಳಿದರು.

ತುಕ್ಕು ಹಿಡಿದ ಒಂದು ಗೇಣು ಉಕ್ಕಿನ ಕೊಳವೆಯನ್ನು ಗರಗಸದಿಂದ ಕತ್ತರಿಸಿ, ಆ ಜಾಗಕ್ಕೆ ಫ್ರಿಜ್ ರಿಪೇರಿಗೆ ಬಳಸುವ ತಾಮ್ರದ ಕೊಳವೆಯ ತುಂಡು ಇಟ್ಟಿದ್ದ ಹುಡುಗ. ಎರಡೂ ಕಡೆ ಹಿತ್ತಾಳೆಯ ಜೋಡಣೆ. ನೀರು ಶುದ್ಧೀಕರಿಸುವ ಯಂತ್ರಕ್ಕೆ ಪ್ಲಂಬರ್ ಹಾಕುತ್ತಾನಲ್ಲ, ಒಂದು ಬಳೆ ಕೊಳವೆಯ ಸುತ್ತ ಬಿಗಿದುಕೊಳ್ಳುವಂಥದು, ಅದೇ. ನಟ್ಟಿನ ಮರೆಗಳಿಗೆ ಪ್ಲಂಬರನ ಬಿಳಿ ಟೇಪು ಸುತ್ತಿದ್ದ. ಹೊಸ ತುಂಡಿಗೆ ಕ್ಲಿಪ್ ಇಲ್ಲ, ಗಾಳಿಯಲ್ಲಿ ತೂಗುತ್ತಿತ್ತು. ಚಕ್ರದ ಹಿಂದೆ ಗಾಳಿ ಬಿಡುವ ಸಣ್ಣ ತಿರುಪಿನ ಆರು ಮೂಲೆಗಳೂ ಸವೆದು ಗುಂಡಗಾಗಿದ್ದವು.

ಇವುಗಳಲ್ಲಿ ಪ್ರತಿಯೊಂದೂ ಯಾಕೆ ತಪ್ಪು ಎಂದು ಮೇಸ್ತ್ರಿ ಅಲ್ಲೇ ಮಲಗಿಕೊಂಡು ಪಾಠ ಮಾಡಿದರು. ತಾಮ್ರ ಮೆತು, ಬಗ್ಗಿಸಲು ಸುಲಭ, ಅದಕ್ಕೇ ಕೆಲಸಗಾರರಿಗೆ ಪ್ರೀತಿ. ಆದರೆ ಅದರುತ್ತಾ ಅದರುತ್ತಾ ಅದು ಪೆಡಸಾಗಿ ಒಂದು ದಿನ ಬಿರುಕು ಬಿಡುತ್ತದೆ. ತುಕ್ಕು ಹಿಡಿಯದ ಕೊಳವೆಯೇ ಬೇಕೆಂದರೆ ತಾಮ್ರಕ್ಕೆ ನಿಕ್ಕಲ್ ಬೆರೆಸಿದ ಬೇರೆ ಲೋಹವೇ ಇದೆ, ಬ್ರೇಕಿಗೆಂದೇ ಮಾಡಿದ್ದು. ಹೊರಗಿನಿಂದ ಬಳೆ ಹಿಡಿಯುವ ಜೋಡಣೆ ಮನೆಯ ನೀರಿನ ಒಂದೆರಡು ಕಿಲೋ ಒತ್ತಡಕ್ಕೆ ಸಾಕು, ನಲವತ್ತು ಎಂಬತ್ತಕ್ಕೆ ಕೊಳವೆ ಅದರಿಂದ ಜಾರಿ ಹೊರಬರಬಹುದು. ಬ್ರೇಕಿನ ನಟ್ಟಿನಲ್ಲಿ ಸೋರಿಕೆ ತಡೆಯುವುದು ಮರೆಯಲ್ಲ, ಕೊಳವೆಯ ಅರಳಿದ ತುದಿ. ಅದು ಎದುರಿನ ಗುಳಿಯಲ್ಲಿ ಲೋಹಕ್ಕೆ ಲೋಹ ಒತ್ತಿ ಕೂರಬೇಕು. ಹಾಗಾಗಿ ಟೇಪು ನಿಷ್ಪ್ರಯೋಜಕ, ಚೂರು ಕಿತ್ತು ಒಳಗೆ ಸೇರಿದರೆ ಅಪಾಯವೂ ಹೌದು.

"ಪೆಡಲ್ ಗಟ್ಟಿ ಇದ್ದಿದ್ದರೆ ನೀವು ಇದನ್ನು ನೋಡ್ತಾನೇ ಇರಲಿಲ್ಲ" ಎಂದರು ಮೇಸ್ತ್ರಿ. ನನ್ನ ಬೆನ್ನಿನಲ್ಲಿ ಚಳಿ ಹುಟ್ಟಿದ್ದು ಆ ಮಾತಿಗೆ. ಗಾಳಿ ತೆಗೆಯದೆ ಬಿಟ್ಟದ್ದೇ ನಮ್ಮ ಪುಣ್ಯ. ಆ ಒಂದು ಕೆಲಸ ಹುಡುಗ ಚೆನ್ನಾಗಿ ಮಾಡಿದ್ದರೆ ನಾವು ಭಾನುವಾರ ಆಗುಂಬೆಯ ತಿರುವುಗಳಲ್ಲಿರುತ್ತಿದ್ದೆವು, ತೂಗಾಡುವ ತಾಮ್ರದ ತುಂಡಿನ ಭರವಸೆಯಲ್ಲಿ. ಈಗಿನ ಕಾರುಗಳಲ್ಲಿ ಬ್ರೇಕಿನ ದ್ರವಕ್ಕೆ ಎರಡು ಪ್ರತ್ಯೇಕ ದಾರಿ ಇರುತ್ತವೆ. ಒಂದು ಒಡೆದರೆ ಇನ್ನೊಂದು ಕೆಲಸ ಮಾಡುತ್ತದೆ ಎನ್ನುವುದು ನಿಜ. ಆದರೆ ಅರ್ಧ ಬ್ರೇಕ್ ಸಮತಟ್ಟಿನಲ್ಲಿ ಒಂದು ಮಾತು, ಘಾಟಿಯಲ್ಲಿ ಇನ್ನೊಂದು.

ರಿಪೇರಿಗೆ ಎರಡು ದಿನ ಹಿಡಿಯಿತು. ಮೊದಲ ದಿನ ಪೂರ್ತಿ ಉಡುಪಿಯ ಬಿಡಿಭಾಗದ ಅಂಗಡಿಗಳಿಗೇ ಹೋಯಿತು. ಮೇಸ್ತ್ರಿ ತೇಪೆ ಹಾಕುವವರಲ್ಲ. ಒಂದು ಜೋಡಣೆಯಿಂದ ಮುಂದಿನ ಜೋಡಣೆಯವರೆಗೆ, ನಡುವೆ ಗಂಟಿಲ್ಲದ ಒಂದೇ ಉಕ್ಕಿನ ಕೊಳವೆ. ಹಳೆಯದನ್ನು ಬಿಚ್ಚಿ ಪಕ್ಕದಲ್ಲಿಟ್ಟು, ಬಾಗುವ ಉಪಕರಣದಿಂದ ಹೊಸತನ್ನು ಅದೇ ಅಂಕುಡೊಂಕಿಗೆ ತಂದರು. ಕೈಯಿಂದ ಬಗ್ಗಿಸಿದರೆ ಮಡಿಕೆ ಬೀಳುತ್ತದೆ, ಮಡಿಕೆ ಬಿದ್ದಲ್ಲಿ ದಾರಿ ಕಟ್ಟುತ್ತದೆ.

ತುದಿ ಅರಳಿಸುವುದು ನೋಡಲು ಸೊಗಸು. ಕೊಳವೆಯನ್ನು ನೇರವಾಗಿ ಕತ್ತರಿಸಿ, ಒಳಗಿನ ಚೂರು ತೆಗೆದು, ಒಂದು ಅಚ್ಚಿನಲ್ಲಿ ಬಿಗಿದು, ಮೊದಲು ಅಂಚನ್ನು ಒಳಗೆ ಮಡಿಸುವುದು, ಆಮೇಲೆ ಶಂಕುವಿನಿಂದ ಒತ್ತಿ ಅರಳಿಸುವುದು. ಎರಡು ಪದರದ ಕಾಲರ್ ಆಗುತ್ತದೆ, ನಿಮ್ಮ ಶಾಲೆಯ ಅಂಗಿಯ ಕಾಲರಿನ ಹಾಗೆ. ಒಂದೇ ಪದರ ಅರಳಿಸಿದರೆ ಅಂಚು ಸೀಳಬಹುದು. ಅರಳಿಸುವ ಮೊದಲು ನಟ್ಟನ್ನು ಕೊಳವೆಗೆ ತೂರಿಸಿರಬೇಕು. ಮೇಲೆ ಆ ಕಾಲರ್ ದಾಟಿ ನಟ್ಟು ಹೋಗುವುದಿಲ್ಲ. ಡಿಪೋಗೆ ಹೊಸದಾಗಿ ಬಂದವರೆಲ್ಲ ಒಂದು ಸಲವಾದರೂ ನಟ್ಟು ಮರೆತು ಚಂದದ ಕಾಲರನ್ನು ಕತ್ತರಿಸಿ ಎಸೆದವರೇ ಅಂತೆ. ಇದನ್ನು ಕೇಳಿದ ಮೊಮ್ಮಗಳು ಪ್ರತಿ ತುದಿಗೂ "ಮೇಸ್ತ್ರಿ ಅಜ್ಜ, ನಟ್ಟು?" ಎಂದು ಎಚ್ಚರಿಸತೊಡಗಿದಳು. ಬ್ಯಾಂಕಿನಲ್ಲಿ ನಾನು ಬರೆದ ವೋಚರನ್ನು ಇನ್ನೊಬ್ಬರು ನೋಡಿ ಸಹಿ ಹಾಕದೆ ಒಂದು ರೂಪಾಯಿಯೂ ಕೌಂಟರ್ ದಾಟುತ್ತಿರಲಿಲ್ಲ. ಗ್ಯಾರೇಜುಗಳಲ್ಲಿ ಆ ಎರಡನೇ ಸಹಿ ಇಲ್ಲ. ನಮ್ಮ ಅಂಗಳದಲ್ಲಿ ಏಳನೇ ತರಗತಿಯವಳು ಹಾಕಿದಳು.

ಎರಡನೇ ದಿನ ಗಾಳಿ ತೆಗೆಯುವ ಕೆಲಸ. ಹುಡುಗ ಅರ್ಧ ಖಾಲಿ ಡಬ್ಬಿಯಿಂದ ಸುರಿದಿದ್ದ ದ್ರವವನ್ನೆಲ್ಲ ಹೊರತೆಗೆಸಿ, ಸೀಲ್ ಒಡೆಯದ ಹೊಸ ಡಬ್ಬಿ ತರಿಸಿದರು. ಈ ದ್ರವಕ್ಕೆ ಗಾಳಿಯ ತೇವವನ್ನು ಹೀರುವ ಗುಣ, ನಮ್ಮ ಮಳೆಗಾಲದ ಬೆಲ್ಲದ ಹಾಗೆ. ಡಾಟ್ 3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಶೇಕಡಾ 3.7ರಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಘಾಟಿಯಲ್ಲಿ ಬ್ರೇಕ್ ಕಾದು ದ್ರವ ಕುದಿದರೆ ಆವಿಯ ಗುಳ್ಳೆ ಏಳುತ್ತದೆ. ಸಿರಿಂಜಿನಲ್ಲಿ ಗಾಳಿ ಬಿಟ್ಟಾಗ ಏನಾಯಿತೋ ಅದೇ ಆಗುತ್ತದೆ. ಅಜ್ಜಂದಿರೇ, ಕಪಾಟಿನಲ್ಲಿ ಅರ್ಧ ಉಳಿದ ಬ್ರೇಕ್ ದ್ರವದ ಡಬ್ಬಿ ಜೋಪಾನ ಮಾಡಿದ್ದರೆ ದಯವಿಟ್ಟು ಅದನ್ನು ಕಾರಿಗೆ ಹಾಕಬೇಡಿ. ಬಣ್ಣದ ಮೇಲೆ ಚೆಲ್ಲಿದರೆ ಬಣ್ಣವನ್ನೂ ತಿನ್ನುತ್ತದೆ.

ಚಾಲಕನ ಸೀಟಿನಲ್ಲಿ ನನ್ನ ಹೆಂಡತಿ. ಮೊಮ್ಮಗಳ ಕೈಗೆ ಗ್ಲೌಸು, ಕೈಯಲ್ಲಿ ಬಾಟಲಿ. ಹಿಂದಿನ ಎಡ ಚಕ್ರವೇ ಎಲ್ಲಕ್ಕಿಂತ ದೂರದ್ದು, ಅಲ್ಲಿಂದ ಶುರು. ಹೊಸ ತಿರುಪಿಗೆ ಪಾರದರ್ಶಕ ನಳಿಕೆ ಸಿಕ್ಕಿಸಿ, ಅದರ ಇನ್ನೊಂದು ತುದಿ ಬಾಟಲಿಯ ದ್ರವದಲ್ಲಿ ಮುಳುಗಿರಬೇಕು. ಮೇಸ್ತ್ರಿ "ಒತ್ತಿ" ಎಂದಾಗ ಇವಳು ಒತ್ತಿ ಹಿಡಿಯಬೇಕು. ಅವರು ತಿರುಪು ಸಡಿಲಿಸಿದಾಗ ಗಾಳಿ ಬೆರೆತ ದ್ರವ ಬುಳುಬುಳು ಬರುತ್ತದೆ. ತಿರುಪು ಬಿಗಿದ ಮೇಲೆಯೇ "ಬಿಡಿ". ಅವಸರದಲ್ಲಿ ಮೊದಲೇ ಕಾಲು ತೆಗೆದರೆ ಹೊರಹೋದ ಗಾಳಿ ಮತ್ತೆ ಒಳಗೆ. ನಲವತ್ತೆಂಟು ವರ್ಷದ ಸಂಸಾರದಲ್ಲಿ ಇವಳು ಇಷ್ಟು ಮಾತು ಕೇಳಿದ್ದನ್ನು ನಾನು ಕಂಡಿರಲಿಲ್ಲ. ನನ್ನ ಕೆಲಸ ಮೇಲಿನ ಡಬ್ಬಿ ಬರಿದಾಗದಂತೆ ತುಂಬಿಸುತ್ತಿರುವುದು. ಹದಿನೇಳನೇ ಸಲ ಒತ್ತಿದಾಗ "ಗುಳ್ಳೆ ಇಲ್ಲ!" ಎಂದು ಮೊಮ್ಮಗಳು ಕೂಗಿದಳು. ಮೇಸ್ತ್ರಿ ಇನ್ನೂ ಮೂರು ಸಲ ಮಾಡಿಸಿದರು. ನಾಲ್ಕೂ ಚಕ್ರ ಮುಗಿಯುವಾಗ ಊಟದ ಹೊತ್ತು ಮೀರಿತ್ತು.

ಎಂಜಿನ್ ಚಾಲೂ ಮಾಡಿ ಪೆಡಲನ್ನು ಗಟ್ಟಿಯಾಗಿ ಒತ್ತಿ ಹಿಡಿಸಿ, ಪ್ರತಿ ಜೋಡಣೆಗೂ ಒಣ ಕಾಗದ ಒತ್ತಿ ನೋಡಿದರು. ಎಲ್ಲೂ ಕಲೆಯಿಲ್ಲ. ಆಮೇಲೆ ಖಾಲಿ ಗದ್ದೆಯ ಬದಿಯ ಮಣ್ಣುರಸ್ತೆಯಲ್ಲಿ ನಡಿಗೆಯ ವೇಗದಲ್ಲಿ ಒಂದು ಸಲ, ಜೋರಾಗಿ ಒಂದು ಸಲ. ಸಾಮಾನು, ಕೂಲಿ ಎಲ್ಲ ಸೇರಿ ಹುಡುಗನಿಗೆ ಕೊಟ್ಟದ್ದರ ಮೂರು ಪಟ್ಟಾಯಿತು. ದುಬಾರಿ ಎಂದು ನನಗನಿಸಲಿಲ್ಲ. ಆಗುಂಬೆಗೆ ಒಂದು ವಾರ ತಡವಾಗಿ ಹೋಗಿ ಬಂದೆವು. ಸೂರ್ಯಾಸ್ತಕ್ಕೆ ಮೋಡ ಅಡ್ಡ ಬಂತು. ಇಳಿಯುವಾಗ ಎರಡನೇ ಗೇರಿನಲ್ಲೇ ಇದ್ದೆ, ಬ್ರೇಕಿಗೆ ಎಂಜಿನ್ನೂ ಹೆಗಲು ಕೊಡಲಿ ಎಂದು.

ಗ್ಯಾರೇಜಿಗೆ ಹೋಗಿ ಜಗಳ ಮಾಡಿ ದುಡ್ಡು ವಾಪಸು ತರಬೇಕೆಂದು ಅಳಿಯ ಹೇಳಿದ. ನಾನೂ ಮೇಸ್ತ್ರಿಯೂ ತಾಮ್ರದ ತುಂಡನ್ನು ಚೀಲದಲ್ಲಿಟ್ಟುಕೊಂಡು ಹೋದೆವು. ಹುಡುಗನಿಗೆ ಇಪ್ಪತ್ತೈದರ ಪ್ರಾಯವಿರಬಹುದು. ತುಂಡನ್ನು ನೋಡಿ ಅವನ ಮುಖ ಬಿಗಿಯಿತು. "ನಾನು ಕೆಲಸ ಕಲಿತಲ್ಲಿ ಹೀಗೇ ಹಾಕ್ತಿದ್ದರು. ಇದುವರೆಗೆ ಯಾರೂ ದೂರು ಹೇಳಿಲ್ಲ" ಎಂದ. ಮೇಸ್ತ್ರಿ ದನಿ ಏರಿಸಲಿಲ್ಲ. ಹಿತ್ತಾಳೆಯ ಜೋಡಣೆಯನ್ನು ವೈಸಿನಲ್ಲಿ ಬಿಗಿದು, ಕೊಳವೆಯನ್ನು ಇಕ್ಕಳದಿಂದ ಹಿಡಿದು ತಿರುಚಿ ಎಳೆ ಎಂದರು. ಹುಡುಗ ಎಳೆದ. ಎರಡನೇ ಎಳೆತಕ್ಕೆ ಕೊಳವೆ ಕೈಗೇ ಬಂತು.

ಅವನು ಅದನ್ನೇ ನೋಡುತ್ತ ನಿಂತ. ನಾನು ಒಂದೇ ಪ್ರಶ್ನೆ ಕೇಳಿದೆ: ಇಂಥದು ಇನ್ನು ಎಷ್ಟು ವಾಹನಕ್ಕೆ ಹಾಕಿದ್ದೀಯಾ?

ಈ ವರ್ಷ ಮೂರು ಎಂದ. ನಮ್ಮದು ನಾಲ್ಕನೆಯದು. ಒಂದು ಪಕ್ಕದ ಬೀದಿಯ ಹಾಲಿನವರ ಜೀಪು. ಇನ್ನೊಂದರ ಹೆಸರು ಹೇಳಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ನಮ್ಮ ಓಣಿಯಿಂದಲೇ ಹದಿಮೂರು ಮಕ್ಕಳನ್ನು ಹತ್ತಿಸಿಕೊಂಡು ಶಾಲೆಗೆ ಹೋಗುವ ವ್ಯಾನು.

ಅವತ್ತು ಶನಿವಾರ, ಮಧ್ಯಾಹ್ನ ಮೂರು ಗಂಟೆ. ಹುಡುಗನೇ ಫೋನ್ ಮಾಡಿ ಚಾಲಕನನ್ನು ಕರೆಸಿದ. ವ್ಯಾನಿನ ಜೋಡಣೆಯ ಸುತ್ತ ಧೂಳು ಒದ್ದೆಯಾಗಿ ಮೆತ್ತಿಕೊಂಡಿತ್ತು. ಸೋರಿಕೆ ಆಗಲೇ ಶುರುವಾಗಿತ್ತು. ಮೇಸ್ತ್ರಿ ಕೊಳವೆ ಬದಲಾಯಿಸಿದರು, ತುದಿ ಅರಳಿಸುವುದನ್ನು ಹುಡುಗನ ಕೈಯಲ್ಲೇ ಮಾಡಿಸಿದರು. ಮೊದಲ ಎರಡು ಕಾಲರ್ ಸೊಟ್ಟಗಾದವು, ಮೂರನೆಯದು ಪಾಸಾಯಿತು. ಚಾಲಕನಿಂದ ಅವನು ದುಡ್ಡು ತೆಗೆದುಕೊಳ್ಳಲಿಲ್ಲ. ನನ್ನದನ್ನು ನಾನು ಕೇಳಲಿಲ್ಲ, ಅರಳಿಸುವ ಉಪಕರಣ ಕೊಳ್ಳಲು ಅದನ್ನೇ ಇಟ್ಟುಕೋ ಎಂದೆ. ಸೋಮವಾರ ಏಳೂಮುಕ್ಕಾಲಿಗೆ ಓಣಿಯ ತುದಿಯಲ್ಲಿ ವ್ಯಾನಿನ ಹಾರ್ನ್ ಎಂದಿನಂತೆ ಕೇಳಿಸಿತು. ಹಾಲಿನವರ ಜೀಪೂ ಅದೇ ವಾರ ಸರಿಯಾಯಿತು.

ಉಳಿದದ್ದು ಒಂದು ಓಮ್ನಿ. ಅದನ್ನು ಶಿವಮೊಗ್ಗ ಕಡೆಯವರಿಗೆ ಮಾರಿ ಆಗಿದೆ. ಹಳೆಯ ಮಾಲೀಕರಿಂದ ಹುಡುಗ ಫೋನ್ ನಂಬರ್ ಪಡೆದುಕೊಂಡಿದ್ದಾನೆ. ನಾನು ಇದನ್ನು ಬರೆಯುತ್ತಿರುವ ಹೊತ್ತಿಗೆ ಆ ಕಡೆಯಿಂದ ಯಾರೂ ಎತ್ತಿಲ್ಲ. ನಾಳೆ ಬೆಳಿಗ್ಗೆ ಮತ್ತೆ ಮಾಡುತ್ತೇನೆ ಎಂದಿದ್ದಾನೆ.